ಗರಸಿನ ಕೆಳಗಿನ ಮಣ್ಣು

"ಅಷ್ಟಕ್ಕೇ ನಿಲ್ಲಿಸಬೇಡಿ ಸಾಹೇಬ್ರೇ. ಹೋದ ಸಲಾನೂ ಇಲ್ಲಿಗೇ ಕೈ ತೊಳ್ಕೊಂಡು ಹೊರಟ್ರಿ."

ಹಾರೆ ಗರಸುಕಲ್ಲಿಗೆ ಬಡಿದು ಠಣ್ಣೆಂದಿತ್ತು. ಗುಂಡಿ ಇನ್ನೂ ಒಂದು ಗೇಣೂ ಇಳಿದಿರಲಿಲ್ಲ. ಮಣ್ಣಿನ ಸರ್ವೆಯವರು ಸೊಂಟ ನೆಟ್ಟಗೆ ಮಾಡಿಕೊಂಡು ಕುರಿಯಮ್ಮನನ್ನು ನೋಡಿದರು. ನಲವತ್ತು ಕುರಿಗಳ ಯಜಮಾನಿ, ಹೆಗಲ ಮೇಲೆ ಕೋಲು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಒಂಬತ್ತು ವರ್ಷದ ಹಿಂದೆ ಇದೇ ಸರ್ಕಾರಿ ಬಯಲಲ್ಲಿ ಹಾರೆ ಹೀಗೇ ಠಣ್ಣೆಂದಿತ್ತು. ಊಟದ ಹೊತ್ತು ಮೀರುತ್ತಿದೆ ಎಂದು ಡ್ರೈವರ್ ಜೀಪಿನ ಹಾರ್ನ್ ಒತ್ತುತ್ತಲೇ ಇದ್ದ. ಇವರು ಹಾಳೆಯ ಮೇಲೆ "ಬರೀ ಕಲ್ಲು, ಎಂಟನೇ ದರ್ಜೆ" ಎಂದು ಗೀಚಿ ಜೀಪು ಹತ್ತಿದ್ದರು. ಒಂದು ಅಂದರೆ ಚಿನ್ನದಂಥ ನೆಲ, ಎಂಟು ಅಂದರೆ ಯಾವುದಕ್ಕೂ ಬಾರದ್ದು. ಯಾವುದಕ್ಕೂ ಬಾರದ ನೆಲವನ್ನು ನಮಗೇ ಕೊಡಿ ಎಂದು ಈಗ ಕಲ್ಲು ಪುಡಿ ಮಾಡುವ ಕಂಪನಿ ಬಂದು ನಿಂತಿತ್ತು. ಕುರಿಯಮ್ಮ ಎಂಟು ತಿಂಗಳು ಆಫೀಸು ಮೆಟ್ಟಿಲು ಸವೆಸಿ, ಎಲ್ಲರ ತಲೆ ತಿಂದು, ಮರುಸರ್ವೆ ಮಾಡಿಸುತ್ತಿದ್ದಳು.

"ನಮ್ಮತ್ತೆ ಕಾಲದಿಂದ ಇಲ್ಲೇ ಮೇಯಿಸ್ತಿದ್ದೀವಿ. ಕಲ್ಲು ತಿಂದು ಕುರಿ ಬದುಕುತ್ತಾ? ಆ ಹಾರೆ ಇತ್ತ ಕೊಡಿ."

"ಬೇಡಕ್ಕಾ, ನಾನೇ ಅಗೀತೀನಿ."

ಹಟಕ್ಕೆ ಬಿದ್ದವರಂತೆ ಅಗೆದರು. ಇನ್ನೊಂದು ಗೇಣು ಗರಸು ಕಿತ್ತು ಬಂದಮೇಲೆ ಹಾರೆ ಸದ್ದಿಲ್ಲದೆ ಒಳಗಿಳಿಯಿತು. ಕೆಂಪು ಮಣ್ಣು! ಹಿಡಿಯಷ್ಟು ತೆಗೆದು ಉಗುಳು ಹಚ್ಚಿ ಹಿಸುಕಿದರೆ ಬೆರಳ ಸಂದಿಯಿಂದ ರಿಬ್ಬನ್ನಿನ ಹಾಗೆ ಜಾರಿತು. ಬೇಸಿಗೆಯ ನಡುವಲ್ಲೂ ಒಳಗೆ ತಂಪಿತ್ತು. ಹುಲ್ಲಿನ ಬೇರು ಮೊಳಕ್ಕೂ ಹೆಚ್ಚು ಇಳಿದಿತ್ತು. ಎದೆಮಟ್ಟಕ್ಕೆ ಹೋದಾಗಷ್ಟೇ ಒಳ್ಳೆ ಮಣ್ಣು ಮುಗಿದು ಸುಣ್ಣದ ಬಿಳಿ ಗಂಟುಗಳು ಸಿಕ್ಕವು.

"ಮೇಲಿನ ಕಲ್ಲು ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ, ಅಷ್ಟೇ," ಎಂದಳು ಕುರಿಯಮ್ಮ. "ಒಳಗಿನ ಪಸೆ ಆರೋಕೆ ಬಿಡಲ್ಲ. ಇದಕ್ಕೆಲ್ಲ ಓದಬೇಕಾ?"

ಸರ್ವೆಯವರಿಗೆ ನಾಚಿಕೆಯಾಯಿತು. ಗುಂಡಿಯೊಳಗೇ ಕೂತು ಟೇಪು ಹಿಡಿದು ಪದರ ಪದರ ಅಳೆದು ಬರೆದುಕೊಂಡರು. ಗರಸು, ಇಳಿಜಾರು, ಮಳೆ ಕಡಿಮೆ, ಇವನ್ನೆಲ್ಲ ಹಿಡಿದರೆ ಆರನೇ ದರ್ಜೆ ಎನ್ನಬಹುದಿತ್ತು, ಯಾರೂ ತಕರಾರು ಮಾಡುತ್ತಿರಲಿಲ್ಲ. ಆದರೆ ಒಂಬತ್ತು ವರ್ಷದ ಹಳೇ ತಪ್ಪು ಕುತ್ತಿಗೆ ಹಿಡಿದಿತ್ತಲ್ಲ! ಕೈ ಧಾರಾಳವಾಯಿತು. ನಾಲ್ಕು ಎಂದು ಬರೆದು, ಕೆಳಗೆ ಎರಡೆಳೆ ಗೀಟೂ ಎಳೆದರು. ಅಂದು ಮನೆಗೆ ಹೋಗಿ ಹೆಂಡತಿಯ ಹತ್ತಿರ ಬೀಗಿದ್ದೇ ಬೀಗಿದ್ದು.

ನಾಲ್ಕನೇ ದಿನ ಮೇಲಧಿಕಾರಿ ಕರೆದರು. ಮುಖದ ತುಂಬ ನಗು.

"ಭೇಷ್ ಕಣ್ರೀ! ಕಲ್ಲಿನ ಕಂಪನಿಯವರ ಅರ್ಜಿ ವಜಾ."

"ಉಳೀತಲ್ಲ ಸರ್, ಪಾಪ ಆ ಹೆಂಗಸಿಗೆ."

"ಯಾವ ಹೆಂಗಸಿಗೆ? ಐದರಿಂದ ಏಳನೇ ದರ್ಜೆ ಮೇವಿಗೆ, ನಾಲ್ಕರವರೆಗಿನದು ಬೇಸಾಯಕ್ಕೆ. ನಿಮಗೆ ನಾನು ಹೇಳಬೇಕಾ? ಹಣ್ಣಿನ ತೋಟದವರು ಇಂಥ ನೆಲಕ್ಕೇ ಕಾಯ್ತಾ ಇದ್ರು. ಇವತ್ತೇ ಆದೇಶ ಹೊರಟಿತು."

ಆ ದರ್ಜೆ ಪಟ್ಟಿ ಸರ್ವೆಯವರಿಗೆ ಬಾಯಿಪಾಠ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಆದರೂ ಗುಂಡಿಯೊಳಗೆ ಕೂತಾಗ ಹೊಳೆದಿರಲಿಲ್ಲ.

"ಸರ್, ಅದು ಆರು. ಗರಸನ್ನ ನಾನು ಸರಿಯಾಗಿ ಹಿಡೀಲಿಲ್ಲ. ತಿದ್ದಿ ಕೊಡ್ತೀನಿ."

"ಮೊದಲು ಎಂಟು, ಆಮೇಲೆ ನಾಲ್ಕು, ಈಗ ಆರು. ಮಕ್ಕಳಾಟ ಆಡ್ತಿದ್ದೀರೇನ್ರೀ? ಹೋಗಿ, ಹೋಗಿ."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕುರಿಯಮ್ಮ ಕೂತಿದ್ದಳು. ಇವರ ಕೈಯಲ್ಲಿದ್ದ ವರದಿಯ ಪ್ರತಿ ಕಂಡದ್ದೇ ಎದ್ದಳು.

"ಏನು ಬರೆದಿದ್ದೀರಿ? ಓದಿ, ಕೇಳೋಣ."

"ಅಕ್ಕಾ, ಅದು..."

"ಅಯ್ಯೋ ಓದಿ ಅಂದ್ರೆ!"

ಓದಿದರು. ಮೇಲೆ ಎರಡು ಗೇಣು ಗರಸು. ಕೆಳಗೆ ಆಳವಾದ ಕೆಂಪು ಮಣ್ಣು. ತೇವ ಚೆನ್ನಾಗಿ ಹಿಡಿಯುತ್ತದೆ. ಬೇರಿಗೆ ಅಡ್ಡಿಯಿಲ್ಲ. ಮೊಮ್ಮಗುವಿನ ಶಾಲೆಯ ಮಾರ್ಕ್ಸು ಕೇಳುವವಳ ಹಾಗೆ ಅವಳು ಒಂದೊಂದಕ್ಕೂ ತಲೆಯಾಡಿಸಿದಳು. ಕೊನೆಯಲ್ಲಿ ಮೇಲಧಿಕಾರಿ ಬರೆದಿದ್ದ ಆದೇಶದ ಸಾಲಿಗೆ ಬಂದು ಅವರು ನಿಂತರು.

"ಇನ್ನೂ ಏನೋ ಇದೆಯಲ್ಲ. ಅದನ್ನೂ ಓದಿ."

ಅದನ್ನೂ ಓದಿದರು. ಹಣ್ಣಿನ ತೋಟಕ್ಕೆ ಕೊಡಲಾಗಿದೆ, ಬೇಲಿ ಹಾಕಲು ಅನುಮತಿ ಇದೆ. ದನಕುರಿ ಬಿಡುವಂತಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಯಾವತ್ತು ಹಾಕ್ತಾರೆ ಬೇಲಿ?"

"ಬರೋ ತಿಂಗಳು."

ಕುರಿಯಮ್ಮ ಮತ್ತೆ ಬೆಂಚಿನ ಮೇಲೆ ಕೂತಳು. ಅಷ್ಟೊತ್ತಿಗೆ ಈಯಲಿದ್ದ ಗಬ್ಬದ ಕುರಿಗಳನ್ನು ಒಂದೊಂದಾಗಿ ನೆನೆದು ಬೆರಳು ಮಡಿಸತೊಡಗಿದಳು. ಒಂದು ಕೈಯ ಬೆರಳೆಲ್ಲ ಮುಗಿದು ಇನ್ನೊಂದು ಕೈ ಎತ್ತಿದಳು.