ದೋಣಿಯ ಪಂಪು, ಅಪ್ಪನ ಮೂಗು

ಚಪ್ಪಲಿ ಜಾರಿ ಬಿದ್ದದ್ದಲ್ಲ, ತಾನೇ ಬೀಳಿಸಿದ್ದು ಎಂಬುದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ಬಿಡಿಭಾಗಗಳ ಅಂಗಡಿಯ ಮೇಜಿನ ಮೇಲೆ ಅಪ್ಪ, ದೋಣಿಯ ಎಂಜಿನ್ನಿಗೆ ಪೆಟ್ರೋಲು ಹಾಯಿಸುವ, ಈಗ ಕೆಟ್ಟುಹೋದ ಪಂಪನ್ನು ಬಟ್ಟೆಯಿಂದ ಬಿಡಿಸಿ ಇಡುತ್ತಿದ್ದರೆ, ಪಕ್ಕದಲ್ಲಿ ನಿಂತು ಅದನ್ನೇ ಮೆಲುಕು ಹಾಕುತ್ತಿದ್ದಳು. ಡಿಗ್ರಿ ಮುಗಿಸಿದವಳು, ಅಪ್ಪನೆದುರು ಒಂದು ಮಾತು ಆಡಲಾರದೆ ಅದನ್ನು ಚಪ್ಪಲಿಯ ಕೈಲಿ ಹೇಳಿಸಿದ್ದಳು.

ಅಪ್ಪನದು ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ. ಅದರ ಪೆಟ್ರೋಲ್ ಎಂಜಿನ್ನು ಅವಳಿಗಿಂತ ಹಳೆಯದು. ಕೀ ತಿರುಗಿಸುವ ಮೊದಲು ಅಪ್ಪ ಎಂಜಿನ್ನಿನ ಮುಚ್ಚಳ ಎತ್ತಿ, ಮಂಡಿಯೂರಿ, ಕಣ್ಣು ಮುಚ್ಚಿ ತಳವನ್ನು ಮೂಸುತ್ತಿದ್ದ. ಅಲ್ಲಿ ಪೆಟ್ರೋಲಿನ ಆವಿ ಕೂತಿದ್ದರೆ ಒಂದು ಕಿಡಿ ಸಾಕು. ಕಾದು ನಿಂತವರು, "ಏನ್ ಮೂಗಣ್ಣ, ಇವತ್ತು ಏನಡುಗೆ?" ಎಂದು ರೇಗಿಸುತ್ತಿದ್ದರು.

"ಸುಮ್ನಿರ್ರಪ್ಪ. ನಿಮ್ಮ ಜೀವ ನನ್ನ ಮೂಗಿನ ತುದೀಲಿದೆ" ಎನ್ನುತ್ತಿದ್ದ ಅಪ್ಪ, ಎದೆಯುಬ್ಬಿಸಿ.

ಹೋದ ಚಳಿಗಾಲದ ಜ್ವರದ ನಂತರವೂ ಅಪ್ಪ ಹಾಗೇ ಮಂಡಿಯೂರುತ್ತಾನೆ, ಅಷ್ಟೇ ಹೊತ್ತು ಮೂಸುತ್ತಾನೆ. ಆದರೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮಟುತ್ತಿದ್ದಾಗ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ. "ಮೂಗನ್ನ ಎಲ್ಲಾದ್ರೂ ಅಡ ಇಟ್ಟು ಬಂದ್ರಾ?" ಎಂದಳು ಅಮ್ಮ. ಅಪ್ಪ ನಕ್ಕ. ಮಗಳಿಗೆ ನಗು ಬರಲಿಲ್ಲ.

ನಿನ್ನೆ ಬೆಳಿಗ್ಗೆ ದೋಣಿಗೆ ಕಾಲಿಟ್ಟ ಕೂಡಲೇ ಪೆಟ್ರೋಲಿನ ವಾಸನೆ ಅವಳ ಮುಖಕ್ಕೆ ಹೊಡೆಯಿತು. ಇನ್ನೂ ಯಾರೂ ಹತ್ತಿರಲಿಲ್ಲ. ಅಪ್ಪ ಮೂಸಿ ಎದ್ದು ಕೀಗೆ ಕೈ ಹಾಕಿದ್ದ. ಅವಳು ಚಪ್ಪಲಿ ಕಳಚಿ, ಮುಚ್ಚಳ ತೆರೆದಿದ್ದ ಎಂಜಿನ್ನಿನ ತಳಕ್ಕೆ ಬಿಟ್ಟಳು. ಬೈಯುತ್ತ ಬಗ್ಗಿದ ಅಪ್ಪನಿಗೆ ತಳದ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು ಕಂಡಿತು.

"ಈಗಷ್ಟೇ ಸೋರಿರ್ಬೇಕು" ಎಂದ.

ಈಗ ಅಂಗಡಿಯವನು ಆ ಪಂಪು ಬಿಚ್ಚಿ ಒಳಗಿನ ರಬ್ಬರ್ ಪೊರೆಯನ್ನು ಬೆಳಕಿಗೆ ಹಿಡಿದ. "ನೋಡಿ ಅಣ್ಣ, ಹಪ್ಪಳ ಆಗಿದೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲು ಹಳೆ ರಬ್ಬರನ್ನ ತಿಂದೇ ಬಿಡುತ್ತೆ. ಬೆರಕೆ ಇಲ್ಲದ್ದು ನನ್ನ ಹತ್ರ ಇದೆ, ಇನ್ಮೇಲೆ ಅದನ್ನೇ ಹಾಕಿ." ಎರಡು ಪಂಪು ತಂದಿಟ್ಟ. "ಇದು ಕಾರಿಂದು, ಬೋಲ್ಟು ಸರಿಯಾಗಿ ಕೂರುತ್ತೆ. ಆದ್ರೆ ಪೊರೆ ಹರಿದ್ರೆ ಸೋರುತ್ತೆ. ಕಾರಲ್ಲಿ ರಸ್ತೆಗೆ ಬೀಳುತ್ತೆ, ದೋಣೀಲಿ ಎಲ್ಲಿಗೆ ಹೋಗುತ್ತೆ? ಇದು ದೋಣಿಗೇ ಮಾಡಿದ್ದು. ಎರಡು ಪೊರೆ. ಒಂದು ಹರಿದ್ರೆ ಪೆಟ್ರೋಲು ಈ ನಳಿಗೇಲಿ ಬಂದು ನಿಲ್ಲುತ್ತೆ, ಕಣ್ಣಿಗೇ ಕಾಣುತ್ತೆ. ಇದು ಬರೀ ತೋರಿಸೋಕೆ ಇಟ್ಟಿರೋದು, ತರಿಸೋಕೆ ಒಂದು ವಾರ ಬೇಕು."

"ವಾರ ದೋಣಿ ನಿಂತ್ರೆ ಸ್ಕೂಲ್ ಮಕ್ಕಳನ್ನ ಯಾರು ದಾಟಿಸ್ತಾರೆ, ನೀನಾ?"

"ತಂಗಿ ಏನಂತಾಳೆ? ಬಾಯಿ ಬಿಟ್ರೆ ಮುತ್ತು ಉದುರುತ್ತೇನಮ್ಮ?" ಅಂಗಡಿಯವನು ಅವಳ ಕಡೆ ತಿರುಗಿದ.

ಅವಳು ಆ ಪಾರದರ್ಶಕ ನಳಿಗೆಯನ್ನೇ ನೋಡುತ್ತಿದ್ದಳು. ಬೆರಳಿನಷ್ಟು ಉದ್ದ, ಒಳಗೆ ಏನೂ ಇಲ್ಲ.

ಅಷ್ಟರಲ್ಲಿ ಫೋನು ಬಂತು. ಅಂಗಡಿಯವನು ಮೇಜಿನಡಿಯಿಂದ ನೋಡದೆಯೇ ಒಂದು ಕ್ಯಾನು ಎಳೆದು, ಮುಚ್ಚಳ ತಿರುವಿ ಅಪ್ಪನ ಕೈಗಿತ್ತ. "ಬೆರಕೆ ಇಲ್ಲದ್ದು. ನೀವೇ ನೋಡ್ತಿರಿ, ಬಂದೆ." ಫೋನು ಕಿವಿಗಿಟ್ಟುಕೊಂಡು ಬಾಗಿಲಾಚೆ ಹೋದ.

ಅಪ್ಪ ಕಣ್ಣು ಮುಚ್ಚಿ, ಕ್ಯಾನಿಗೆ ಮೂಗು ಹಿಡಿದು ದೀರ್ಘವಾಗಿ ಉಸಿರೆಳೆದ. "ಆಹಾ. ಪೆಟ್ರೋಲು ಅಂದ್ರೆ ಇದಪ್ಪ."

ಕ್ಯಾನಿನಿಂದ ದಪ್ಪನೆಯ ಜಿಡ್ಡು ವಾಸನೆ ಅವಳವರೆಗೂ ಬಂತು. ಲಾರಿ ನಿಲ್ಲುವ ಜಾಗದಲ್ಲಿ ನೆಲದಿಂದ ಏಳುವಂಥದ್ದು.

"ಕಾರಿಂದೇ ತಗೊಳ್ಳೋಣ" ಎಂದ ಅಪ್ಪ. "ನಳಿಗೆ ಯಾಕೆ, ಮೂಗಿಲ್ವಾ?"

ಹೊರಗೆ ಅಂಗಡಿಯವನು "ಸರಿ ಸರಿ, ಇಡ್ತೀನಿ" ಎನ್ನುತ್ತಿದ್ದ. ಅವಳು ತನ್ನ ಕಾಲು ನೋಡಿಕೊಂಡಳು. ಒಂದು ಚಪ್ಪಲಿ ಇನ್ನೂ ಒದ್ದೆಯಾಗಿತ್ತು. ದಿನವೂ ಬೀಳಿಸುತ್ತ ಹೋದರೆ ಎಷ್ಟು ಚಪ್ಪಲಿ ಬೇಕಾದೀತು? ಅವಳಿಲ್ಲದ ದಿನ ಯಾರು ಬೀಳಿಸುತ್ತಾರೆ?

ಅವಳು ಅಪ್ಪನ ತೋಳಿಗೆ ಹತ್ತಿರ ಸರಿದು, ಕ್ಯಾನಿನ ಮುಚ್ಚಳವನ್ನು ತಾನೇ ಮೆಲ್ಲಗೆ ತಿರುಗಿಸಿ ಮುಚ್ಚಿದಳು. ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು:

"ಅಪ್ಪಾ, ಇದು ಡೀಸೆಲ್ಲು."