ಐದನೇ ಸೀಸೆ

ನನ್ನ ತಂಗಿ ಡೈರಿಯಲ್ಲಿ ಹಾಲು ಮೂಸುವ ಕೆಲಸದಲ್ಲಿದ್ದಳು. ನಗಬೇಡಿ, ಅದೂ ಒಂದು ಕೆಲಸ. ಬೆಳಿಗ್ಗೆ ಲಾರಿಯಿಂದ ಕ್ಯಾನುಗಳು ಇಳಿಯುತ್ತವೆ. ಒಂದೊಂದರ ಮುಚ್ಚಳ ತೆಗೆದು, ಒಮ್ಮೆ ಮೂಸಿ, ಇದು ಒಳಗೆ, ಇದು ವಾಪಸ್ಸು ಎಂದು ಹೇಳಬೇಕು. ಹನ್ನೊಂದು ವರ್ಷಗಳಲ್ಲಿ ಅವಳು ಒಪ್ಪಿದ ಹಾಲು ಒಡೆದದ್ದು ಎರಡೇ ಸಲ. ಅಂಥವಳನ್ನು ಒಂದು ದಿನ ಹಿಮ್ಮುಖವಾಗಿ ಬರುತ್ತಿದ್ದ ಡೈರಿಯ ಲಾರಿಯೇ ತಳ್ಳಿತು. ತಲೆಯ ಹಿಂಭಾಗ ಸಿಮೆಂಟು ಕಟ್ಟೆಯ ಅಂಚಿಗೆ ಬಡಿಯಿತು. ಆರು ಹೊಲಿಗೆ ಬಿದ್ದವು. ಗಾಯ ಮಾಯಿತು, ಮೂಗಿಗೆ ವಾಸನೆ ಮಾತ್ರ ತಿರುಗಿ ಬರಲಿಲ್ಲ.

ಡೈರಿಯವರು ಇದು ನಾಟಕ ಎಂದರು. ಕೈಕಾಲು ಗಟ್ಟಿಯಾಗಿವೆ, ಕೂತು ತಿನ್ನುವ ಆಸೆ ಎಂದು ಕಾಗದದಲ್ಲೇ ಬರೆದು ಕಳಿಸಿದರು. ಆ ಕಾಗದ ಬಂದ ಮೇಲೇ ನಾವು ಪರಿಹಾರಕ್ಕೆ ದಾವೆ ಹೂಡಿದ್ದು. ಪರಿಹಾರದ ಮಾತೆತ್ತಿದರೆ ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ನಾಟಕ ಅಲ್ಲ ಅಂತ ಯಾರಾದ್ರೂ ಒಬ್ರು ಹೇಳ್ಲಿ ಸಾಕು," ಎನ್ನುತ್ತಿದ್ದಳು.

ಕೋರ್ಟೆಂದರೆ ಗೊತ್ತಲ್ಲ. ನಾವು ಅರ್ಜಿ ಕೊಟ್ಟೆವು, ಅವರು ಎಲ್ಲವನ್ನೂ ಅಲ್ಲಗಳೆದರು. ಲಾರಿ ಆ ದಿನ ಅಲ್ಲಿಗೆ ಬಂದದ್ದೂ ಸುಳ್ಳಂತೆ! ಆಮೇಲೆ ಮುಂದಿನ ತಾರೀಖು, ಅದರ ಮುಂದಿನ ತಾರೀಖು. ಬೆಂಚು ಸವೆಸಿದ್ದೇ ಬಂತು. ಆರನೆಯ ತಾರೀಖಿಗೆ ಡೈರಿಯ ವಕೀಲ ತಮ್ಮ ಕಡೆಯ ಡಾಕ್ಟರಿಂದ ಪರೀಕ್ಷೆಯಾಗಲಿ ಎಂದು ಕೇಳಿದ, ನ್ಯಾಯಾಧೀಶರು ಒಪ್ಪಿದರು.

"ಮೂಗಿನ ಹತ್ರ ಸೀಸೆ ಹಿಡೀತಾರೆ. ಏನಾಗತ್ತೋ ಹಾಗೇ ಹೇಳ್ಲಿ. ಅದರ ಮೇಲೆ ಒಂದಕ್ಷರ ಬೇಡ," ಎಂದರು ನಮ್ಮ ವಕೀಲಮ್ಮ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ನಾನು ಶಾಲೆಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಸೀಸೆ ತೊಳೆದವನು, ಸೀಸೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಯಾರು? ಅಮೋನಿಯಾ ಹಿಡಿದೇ ಹಿಡಿಯುತ್ತಾರೆ ಎಂದು ಲೆಕ್ಕ ಹಾಕಿದೆ. ಸ್ವಲ್ಪ ಮನೆಗೆ ತಂದು ಅವಳ ಮೂಗಿಗೆ ಹಿಡಿದೆ. ಅವಳು ಬೆಚ್ಚಿ ಹಿಂದಕ್ಕೆ ಸರಿದಳು.

"ವಾಸನೆ ಬರಲ್ಲ ಅಂದ್ಯಲ್ಲ, ಮತ್ತೆ ಇದೇನು?"

"ವಾಸನೆ ಬರ್ಲಿಲ್ಲ ಅಣ್ಣ. ಒಳಗೆ ಚುಚ್ಚಿದ ಹಾಗಾಯ್ತು."

"ಹಾಗಂದ್ರೆ ಯಾರು ನಂಬ್ತಾರೆ? ಅಲ್ಲಾಡದೆ ಕೂತ್ಕೊಳ್ಳೋದು ಕಲಿ."

ಒಂಬತ್ತು ದಿನ ಅಭ್ಯಾಸ ಮಾಡಿಸಿದೆ. ಮೊದಲೆರಡು ದಿನ ಕೆಮ್ಮಿದಳು, ಆಮೇಲೆ ಬರೀ ಕಣ್ಣೀರು ಸುರಿಸಿದಳು. ಒಂಬತ್ತನೆಯ ದಿನ ರೆಪ್ಪೆಯೂ ಅಲುಗಲಿಲ್ಲ. ಬೆನ್ನು ತಟ್ಟಿದೆ, ಎಂಥ ದೊಡ್ಡ ಮೇಷ್ಟ್ರು ನಾನು.

ಪರೀಕ್ಷೆಯಲ್ಲಿ ಐದು ಸೀಸೆ. ಕಾಫಿ, ಸಾಬೂನು, ಲವಂಗ, ಸೀಮೆಎಣ್ಣೆ, ಕೊನೆಗೆ ಅಮೋನಿಯಾ. ಐದಕ್ಕೂ ಕಲ್ಲಿನ ಹಾಗೆ ಕೂತು "ಏನೂ ಇಲ್ಲ" ಎಂದಳು. ಮುಂದಿನ ತಾರೀಖಿಗೆ ಆ ಡಾಕ್ಟರು ಸಾಕ್ಷಿ ಕಟಕಟೆ ಹತ್ತಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು.

"ವಾಸನೆಯ ನರ ಬೇರೆ, ಉರಿಯ ನರ ಬೇರೆ. ವಾಸನೆ ಪೂರ್ತಿ ಹೋದವರೂ ಅಮೋನಿಯಾಕ್ಕೆ ಬೆಚ್ಚುತ್ತಾರೆ. ಈಕೆ ಬೆಚ್ಚಲಿಲ್ಲ. ಅಂದರೆ ಬೇಕೆಂದೇ ತಡೆದುಕೊಂಡಿದ್ದಾರೆ. ಇಂಥವರ ಬೇರೆ ಉತ್ತರಗಳನ್ನೂ ನಂಬುವ ಹಾಗಿಲ್ಲ."

ಅವಳ ಕೇಸನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ. ಕಾರಿಡಾರಿನಲ್ಲಿ ವಕೀಲಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಇದನ್ನ ಕಟಕಟೆ ಹತ್ತಿ ಹೇಳ್ತೀರಾ? ಬೆವರಿಳಿಸಿಬಿಡ್ತಾರೆ."

"ಹೇಳ್ತೀನಿ ಮೇಡಂ."

ಹೇಳಿದೆ. ಡೈರಿಯ ವಕೀಲ ನಿಧಾನವಾಗಿ ಎದ್ದು ನಿಂತ. "ನಿಜವಾಗಿ ವಾಸನೆ ಹೋದವರಿಗೆ ಅಭ್ಯಾಸ ಯಾಕ್ರೀ ಬೇಕು?"

ತಂಗಿ ಎರಡನೆಯ ಬೆಂಚಿನಲ್ಲಿ ಕೂತಿದ್ದಳು. ಅವಳಿಗೆ ಭಯವಿತ್ತು, ಧೈರ್ಯಕ್ಕೆಂದು ಮಾಡಿಸಿದೆ ಎನ್ನಬಹುದಿತ್ತು. ಆ ಮಾತು ಬಾಯಿಗೂ ಬಂದಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಸುಳ್ಳು ಸಾಕಾಗಿತ್ತು.

"ಅವಳು ಬೆಚ್ಚಿದ್ದು ನೋಡಿ ನಾನೂ ನಾಟಕ ಅಂದ್ಕೊಂಡೆ ಸ್ವಾಮಿ. ವಾಸನೆ ಇಲ್ಲ, ಚುಚ್ಚತ್ತೆ ಅಷ್ಟೇ ಅಂತ ಅವಳು ಹೇಳಿದ್ಲು. ನಾನು ನಂಬ್ಲಿಲ್ಲ. ಸುಳ್ಳಾದ್ರೂ ಗೆಲ್ಲಲಿ ಅಂತ ಕಲಿಸಿದೆ."

ನಾನು ಅವಳ ಕಡೆ ನೋಡಲಿಲ್ಲ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳಿದರು, "ಚುಚ್ಚತ್ತೆ ಅಂತ ಆಕೆ ಹೇಳಿದ್ದು ಯಾವಾಗ?"

"ಮೊದಲನೇ ದಿನವೇ. ಈ ಡಾಕ್ಟ್ರನ್ನ ನೋಡೋದಕ್ಕೆ ಮುಂಚೆ."

ನ್ಯಾಯಾಧೀಶರು ಮತ್ತೊಂದು ಪರೀಕ್ಷೆಗೆ ಆದೇಶ ಮಾಡಿದರು, ಈ ಸಲ ಸರಕಾರಿ ಆಸ್ಪತ್ರೆಯಲ್ಲಿ, ಮೂವರು ಡಾಕ್ಟರ ಎದುರು. ಅಲ್ಲಿಗೆ ನನ್ನನ್ನು ಅವಳು ಕರೆಯಲಿಲ್ಲ, ಒಬ್ಬಳೇ ಹೋಗಿ ಬಂದಳು. ನಾಲ್ಕು ಸೀಸೆಗೆ ಸುಮ್ಮನಿದ್ದಳಂತೆ, ಐದನೆಯದಕ್ಕೆ ಕುರ್ಚಿ ಬೀಳುವ ಹಾಗೆ ಎದ್ದಳಂತೆ.

ಮೂರು ತಿಂಗಳಿಗೆ ತೀರ್ಪು ಬಂತು. ತಪ್ಪು ಡೈರಿಯದು, ಪರಿಹಾರ ಕೊಡತಕ್ಕದ್ದು. ಅರ್ಜಿದಾರಳಿಗೆ ಆಗಿರುವ ನಷ್ಟ ನಿಜವಾದದ್ದು, ನಟನೆಯಲ್ಲ ಎಂದು ನ್ಯಾಯಾಧೀಶರು ಗಟ್ಟಿಯಾಗಿ ಓದಿದರು. ಆ ಸಾಲು ಬಂದಾಗ ತಂಗಿ ಕಣ್ಣು ಮುಚ್ಚಿಕೊಂಡಳು.

ಹೊರಗೆ ಮೆಟ್ಟಿಲ ಮೇಲೆ, "ಗೆದ್ವಲ್ಲೇ," ಎಂದೆ.

"ಹೂಂ. ಕೋರ್ಟು ನಂಬ್ತು. ಇನ್ನು ನೀನೂ ನಂಬಬಹುದು, ಅಣ್ಣ," ಎಂದಳು.

ಸಿಟ್ಟಿನಿಂದ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.