ತಕ್ಕಡಿಯಲ್ಲಿಟ್ಟ ಜಪಾನಿ ರಾಣಿ

ತೆಲಂಗಾಣ ರಾಜ್ಯ ಬಂದ ವರ್ಷ, ಜೂನ್ ತಿಂಗಳ ಮಿರಗದ ಮಳೆ ಇನ್ನೂ ನೆಲ ಹಿಡಿದಿರಲಿಲ್ಲ. ಮುಂಜಾನೆ ಅಂಗಡಿ ಕಸ ಹೊಡೆಯುವ ಹೊತ್ತಿಗೆ ನನ್ನ ತಮ್ಮ ಕರಿಬಸಯ್ಯನ ಮಗ ಗುರುಲಿಂಗ ಪಕ್ಕದೂರು ಮಖ್ತಲ್‌ದಿಂದ ಮುಖ ಊದಿಸಿಕೊಂಡು ಬಂದ.

ನಮ್ಮದು ನಾರಾಯಣಪೇಟೆಯಲ್ಲಿ ಸೀರೆ ವ್ಯಾಪಾರದ ಮನೆ. ನಮಗೆ ನೇಯುವ ಸಾಯಣ್ಣನ ಮಗ ನರೇಂದ್ರ, ನಮ್ಮ ಗುರುಲಿಂಗ, ಇಬ್ಬರೂ ಸೇರಿ ಮುಂದಿನ ಕೋಣೆಯಲ್ಲಿ ಟೀವಿ, ಅದಕ್ಕೆ ಹಚ್ಚುವ ಆಟದ ಡಬ್ಬಿ ಇಟ್ಟು ವಿಡಿಯೋ ಗೇಮಿನ ಅಂಗಡಿ ಹಾಕಿದ್ದರು. ಜಪಾನಿನ ಆಟ, ರಾಜ, ರಾಕ್ಷಸರು, ಮಾಯದ ಕತ್ತಿ. ಡಿಸ್ಕನ್ನು ನರೇಂದ್ರನೇ ಹೈದರಾಬಾದಿನಿಂದ ತಂದಿದ್ದ.

"ಮಖ್ತಲ್‌ದಾಗ ಕಂಪ್ಯೂಟರಿನ್ಯಾಗ ಇದಾ ಆಟ ನೋಡಿ ಬಂದೆ," ಅಂದ ಗುರುಲಿಂಗ. "ಅಲ್ಲಿ ರಾಕ್ಷಸರ ರಾಣಿ ಮೈಮ್ಯಾಲೆ ಅರಿವಿ ಅಷ್ಟಕ್ಕಷ್ಟ. ಕಡದ್ರ ಕೆಂಪು ರಕ್ತ ಹಾರತೈತಿ. ನಮ್ಮದ್ರಾಗ ಆಕಿ ಕೊಳ್ಳತನಾ ಹೊಗಿ ಸುತ್ತಕೊಂಡಾಳ, ರಕ್ತನ ಇಲ್ಲ. ನರೇಂದ್ರ ಅಸಲಿದು ತಾ ಇಟ್ಕೊಂಡು ನಮಗ ಕೊಯ್ದಿದ್ದು ಕೊಟ್ಟಾನ."

ಆಗಲೇ ಅಂಗಡಿಗೆ ಬಂದಿದ್ದ ನರೇಂದ್ರ ನಕ್ಕ. "ಟೀವಿ ಡಬ್ಬಿಗೆ ಕಂಪನಿಯವ್ರಾ ಮುಚ್ಚಿ ಕೊಡ್ತಾರ ಮಾರಾಯ. ಕಂಪ್ಯೂಟರಿಗೆ ಇದ್ದಂಗ ಬಿಡ್ತಾರ. ಸೀರಿ ಮಾರೋ ಮನ್ಯಾಗ ಹುಟ್ಟಿ, ಉಟ್ಟಾಕಿ ಬ್ಯಾಡ ಅಂತೀಯಲ್ಲ."

ನನಗೆ ನಗು ಬಂತು. ಗಾದಿಯ ಮೇಲೆ ಕೂತಿದ್ದ ಕರಿಬಸಯ್ಯನಿಗೆ ಬರಲಿಲ್ಲ. ಮಗ್ಗದ ಒಂದೇ ಹಾಸಿನಲ್ಲಿ ನೇಯ್ದ ಸೀರೆಗಳೊಳಗೆ ಒಂದರ ಜರಿ ತೆಳ್ಳಗಿದ್ದರೆ ಅವನಿಗೆ ಗೊತ್ತಿದ್ದ ಕಾರಣ ಒಂದೇ: ನೇಕಾರ ಕದ್ದು ಉಳಿಸಿಕೊಂಡಿದ್ದಾನೆ. ನಮ್ಮಲ್ಲಿ ನೂಲು ತೂಗಿ ಕೊಡುತ್ತಾರೆ, ಸೀರೆ ತೂಗಿ ತೆಗೆದುಕೊಳ್ಳುತ್ತಾರೆ. ಸಾಯಣ್ಣನ ಅಪ್ಪನ ಕಾಲದಿಂದ ಹಾಗೇ.

"ಅಕ್ಕಾ, ರೇಷ್ಮಿ ತಕ್ಕಡಿ ತಾ," ಅಂದ.

ಗುರುಲಿಂಗ ಮಖ್ತಲ್‌ದವರ ಡಿಸ್ಕನ್ನೂ ಕೇಳಿ ತಂದಿದ್ದ. ಒಂದು ತಟ್ಟೆಯಲ್ಲಿ ಅದು, ಇನ್ನೊಂದರಲ್ಲಿ ನಮ್ಮದು. ನರೇಂದ್ರ ಬಾಗಿಲಿಗೆ ಒರಗಿ ನಿಂತಿದ್ದ. ಈಗ ಅವನೂ ನಗುತ್ತಿರಲಿಲ್ಲ. ನಮ್ಮದು ಹಗುರಾದರೆ ಅಂಗಡಿಯಲ್ಲಿ ಅವನ ಪಾಲು ಹೋದಂತೆ, ಕಳ್ಳ ಅನ್ನುವ ಹೆಸರು ಅವನಪ್ಪನ ಮಗ್ಗದವರೆಗೂ ಹೋದಂತೆ.

ಮುಳ್ಳು ನಟ್ಟನಡುವೆ ನಿಂತಿತು.

"ಸರಿ ಐತಿ," ಅಂದೆ.

ಕರಿಬಸಯ್ಯ ಬಗ್ಗಿ ಡಿಸ್ಕನ್ನು ಮೂಸಿದ. "ನೂಲಿಗೆ ಗಂಜಿ ಕುಡಿಸಿ ತೂಕ ತುಂಬಸೋದು ನನಗ ಗೊತ್ತಿಲ್ಲೇನು? ತಗದ ಜಾಗಕ್ಕ ಏನರ ತುಂಬ್ಯಾನ. ಆ ಹೊಗಿ ಅದಾ."

"ಗದ್ವಾಲಕ್ಕ ಬರ್ರಿ ಸಾವ್ಕಾರ್ರೀ. ತಾಯಪ್ಪನ ಅಂಗಡ್ಯಾಗ ಇದಾ ಡಬ್ಬಿ ಐತಿ. ಅಲ್ಲೂ ಆಕಿ ಹೊಗಿನ ಉಟ್ಟಾಳ, ನೋಡ್ರಿ," ಅಂದ ನರೇಂದ್ರ.

"ತಾಯಪ್ಪ ಯಾರು? ನಿಮ್ಮ ಸೋದರಮಾವ. ನೀ ಹೇಳಿಕೊಟ್ಟಂಗ ಹೇಳ್ತಾನ."

ನಾನು ಗುರುಲಿಂಗನನ್ನು ಕೇಳಿದೆ, "ನೀ ಏನಂತೀಯೋ? ಆಡೋರು ನೀವಿಬ್ರು."

ಅವನು ಟೀವಿ ಕಡೆ ನೋಡಿದ. "ಅಪ್ಪ ಅಂದಮ್ಯಾಲೆ ಇರಬೌದು, ಅತ್ತಿ."

ನರೇಂದ್ರ ಅದನ್ನು ಕೇಳಿಸಿಕೊಂಡ. ಕೋಣೆಯ ಕೀಲಿಯನ್ನು ನನ್ನ ಕೈಗೇ ಕೊಟ್ಟ, ಕರಿಬಸಯ್ಯನಿಗೆ ಕೊಡಲಿಲ್ಲ. "ಅದು ಕಂಪನಿಯಿಂದನ ಹಂಗ ಬರತೈತಿ, ಅತ್ತಿ," ಅಂದ, ಅಷ್ಟೇ.

ನಾನು ನಂಬಿದೆನೇ ಅಂದರೆ, ಅವನು ಹೋದ ಮೇಲೆ ನಾನೂ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಬಣ್ಣವಾಗಿ ಹೊಳೆಯಿತು.

ನರೇಂದ್ರ ಮಾವನ ಅಂಗಡಿಯಲ್ಲೇ ಇರುತ್ತೇನೆಂದು ಗದ್ವಾಲದ ಬಸ್ಸು ಹತ್ತಿದ್ದು ಬುಧವಾರ. ಸಾಯಣ್ಣ ಮಗ್ಗದ ಮೇಲಿದ್ದ ಸೀರೆ ಮುಗಿಸಿ, ಎದುರಿಗೇ ತೂಗಿಸಿ ಕೊಟ್ಟು, ಹೊಸ ನೂಲು ಒಯ್ಯದೆ ಬೇರೆ ಸಾವ್ಕಾರರ ಕಡೆ ಹೋದದ್ದು ಶನಿವಾರ.